ಮಂಡಕ್ಕಿ ಭಟ್ಟಿಯಲ್ಲಿ ‘ಹಿರಿಯರು ಮೊದಲು’

“ಅತ್ತಿಗೆ, ಇವತ್ತಿನಿಂದ ನಮ್ಮ ಭಟ್ಟೀಲಿ ಯಾರೂ ಬೆವರಂಗಿಲ್ಲ,” ಎಂದ ನನ್ನ ಮೈದುನ ಕೊಟ್ರೇಶಿ. ಹಾಗೆನ್ನುವಾಗ ಅವನ ಹಣೆಯ ಬೆವರು ಲ್ಯಾಪ್‌ಟಾಪಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಕೊಟ್ರೇಶಿ ಪಾಲಿಟೆಕ್ನಿಕ್ಕಿನಲ್ಲಿ ಜಾವಾ ಪಾಠ ಹೇಳುವ ಮೇಷ್ಟ್ರು. ಹೋದ ವರ್ಷ ಅವನು ಮಾಡಿದ ರೊಟ್ಟಿ ತಟ್ಟುವ ಯಂತ್ರ ನನ್ನ ಕೈಯನ್ನೂ ಸೇರಿಸಿ ತಟ್ಟಿತ್ತು. ಅಂದಿನಿಂದ ಅವನು ‘ಹೊಸದೊಂದು ಮಾಡೀನಿ’ ಎಂದಕೂಡಲೇ ನನಗೆ ಎದೆ ಹೊಡೆದುಕೊಳ್ಳುತ್ತದೆ. ನಾನು ಹೆದರುಪುಕ್ಕಿಯೇ, ಒಪ್ಪಿಕೊಳ್ಳುತ್ತೇನೆ. ಆದರೆ ಈ ಮನೆಯಲ್ಲಿ ಹೆದರದವರಿಗೆಲ್ಲ ಬ್ಯಾಂಡೇಜು ಕಟ್ಟಿದವಳೂ ನಾನೇ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಅಕ್ಕಿಗೆ ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಚೀಲಕ್ಕೆ ತುಂಬುವುದು ಕೆಲಸ. ಈ ನಾಲ್ಕೂ ಕೆಲಸವನ್ನು ಕೊಟ್ರೇಶಿಯ ಯಂತ್ರ ತಾನೇ ಮಾಡುತ್ತದಂತೆ, ಬಾಯಲ್ಲಿ ಹೇಳಿದರೆ ಕೇಳುತ್ತದಂತೆ. ನಕ್ಕಾರೆಂದು ಆಳುಗಳಿಗೆಲ್ಲ ರಜೆ ಕೊಟ್ಟು, ನಮ್ಮನ್ನಷ್ಟೇ ಕರೆದಿದ್ದ. ನಾನು, ನಮ್ಮ ಯಜಮಾನರು ಮರುಳಸಿದ್ದಪ್ಪ, ಮತ್ತೆ ನಮ್ಮತ್ತೆ ಹಾಲಮ್ಮ.

“ಇದು ಎಂಟರ್‌ಪ್ರೈಸ್ ಜಾವಾ, ಅತ್ತಿಗೆ. ದೊಡ್ಡ ದೊಡ್ಡ ಬ್ಯಾಂಕು ನಡೆಯೋದು ಇದ್ರಾಗೇ. ಒಂದು ಮನ್ಯಾಗೆ ನಾಲ್ಕು ಸೊಸೇರು ಅಂತ ತಿಳ್ಕೊ. ಒಬ್ಬೊಬ್ಬಳು ಒಂದೊಂದು ಮಾಡ್ಯೂಲು. ಒಬ್ಬಳು ಉಪ್ಪು, ಒಬ್ಬಳು ಹುರಿಯೋದು, ಹಿಂಗೆ. ನಾಲ್ವರನ್ನೂ ಒಂದೇ ಗಂಟು ಕಟ್ಟಿ ಯಂತ್ರದ ಮ್ಯಾಲೆ ಏರಿಸ್ತೀನಿ. ಯಾರು ಮೊದ್ಲು ಏಳ್ಬೇಕು, ಯಾರು ಯಾರ ಮಾತು ಕೇಳ್ಬೇಕು ಅನ್ನೋದನ್ನ ಈ ಹಾಳೇಲಿ ಬರೀತೀನಿ. ಇದೇ ಡಿಪ್ಲಾಯ್‌ಮೆಂಟ್ ಸೆಟ್ಟಿಂಗು.”

“ಒಂದೇ ಮಾತಿಗೆ ಸೊಸೆ ಒಂದರ್ಥ, ಅತ್ತೆ ಒಂದರ್ಥ ಹಿಡಿದ್ರೆ?” ಎಂದೆ. ಅನುಭವದ ಪ್ರಶ್ನೆ.

“ಅದಕ್ಕೂ ಒಂದು ಖಾನೆ ಐತಿ. ‘ತನ್ನದು ಮೊದಲು’ ಇಲ್ಲಾ ‘ಹಿರಿಯರು ಮೊದಲು’. ಎರಡನೇದಕ್ಕೆ ಟಿಕ್ ಹಾಕೀನಿ.”

“ಹಿರಿಯರು ಅಂದ್ರೆ ಯಾರು?”

ಅವನು ಕಣ್ಣಲ್ಲೇ ಅತ್ತೆಯನ್ನು ತೋರಿಸಿದ. ಮೂರು ತಿಂಗಳಿಂದ ಭಟ್ಟಿಯಲ್ಲಿ ಮೈಕು, ಕ್ಯಾಮೆರಾ ಇಟ್ಟು ಅತ್ತೆ ಆಡಿದ ಮಾತನ್ನೆಲ್ಲ ಯಂತ್ರಕ್ಕೆ ಕೇಳಿಸಿದ್ದನಂತೆ. ಯಾವ ಮಾತಿನ ಹಿಂದೆ ಏನು ನಡೆಯಿತು ಎಂದು ನೋಡಿ, ಅರ್ಥವನ್ನು ಅದೇ ಕಲಿತಿತ್ತು. ದನಿಯನ್ನೂ ಕಲಿತಿತ್ತು.

“ಹಾಳೆ ತುಂಬುವಾಗ ಅಮ್ಮ ಹಿಂದೇನೇ ನಿಂತಿದ್ಲು, ಅತ್ತಿಗೆ. ಇನ್ನೇನು ಟಿಕ್ ಹಾಕ್ಲಿ?” ಎಂದು ಪಿಸುಗುಟ್ಟಿದ.

ಕಾಯಿ ಒಡೆದದ್ದಾಯಿತು. ಅತ್ತೆ, “ಶುರು ಮಾಡವ್ವ,” ಎಂದರು. ಯಂತ್ರ ಅತ್ತೆಯದೇ ದನಿಯಲ್ಲಿ “ಆಗ್ಲವ್ವ” ಎಂದು ಗುರುಗುಟ್ಟಿತು. ಎರಡು ಕಡೆಯಿಂದ ಅತ್ತೆಯ ದನಿ ಕೇಳಿ ನನಗೆ ಅರಿವಿಲ್ಲದೆಯೇ ಸೆರಗು ತಲೆಗೆ ಹೋಯಿತು. ಅತ್ತೆಗೆ ಮಾತ್ರ ಬಹಳ ಸಂತೋಷ. ಸೋಮವಾರದ ಮಠದ ದರ್ಶನಕ್ಕೆ ಹೊತ್ತಾಯಿತೆಂದು “ಹೋಗಿ ಬರ್ತೀನಿ” ಎಂದು ಹೊರಟರು. ಮಠಕ್ಕೆ ಅವರು ಫೋನು ಒಯ್ಯುವುದಿಲ್ಲ.

ಅರ್ಧ ಗಂಟೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಗೋಡೆಯ ಆಚೆಗಿನ ಸಣ್ಣ ಕೋಣೆಗೆ ದೊಡ್ಡ ಕೊಳವೆಯಲ್ಲಿ ಮಂಡಕ್ಕಿ ಸುರಿಯುತ್ತಿತ್ತು. ಯಜಮಾನರು ಸೆಕೆಯೆಂದು ಅಂಗಿ ಕಳಚಿ ಹೊರಗಿನ ಗೂಟಕ್ಕೆ ಹಾಕಿ, ಒಳಗೆ ನಿಂತು ಚೀಲ ಹಿಡಿಯುತ್ತಿದ್ದರು. ಧೂಳು ಬರುತ್ತದೆಂದು ಕಬ್ಬಿಣದ ಬಾಗಿಲನ್ನು ಮುಚ್ಚಿಕೊಂಡಿದ್ದರು. ಅವರಿಗೆ ದಮ್ಮಿನ ಕಾಯಿಲೆ. ಅದಕ್ಕೆ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಆ ಅಂಗಿಯ ಜೇಬಿನಲ್ಲಿತ್ತು.

ಒಳಗಿನಿಂದ ಅವರ ದನಿ ಕೇಳಿಸಿತು. “ಸಾಕು, ಚೀಲ ತುಂಬ್ತು.”

“ಸಾಕು ಅನ್ಬಾರ್ದಪ್ಪ,” ಎಂದಿತು ಯಂತ್ರ. “ಇನ್ನೊಂಚೂರು ಹಾಕ್ತೀನಿ.”

ಕೊಳವೆ ಭರ್ರೆಂದಿತು.

“ಏ, ಸಾಕು ಅಂದ್ನಲ್ಲ!”

“ಎಲ್ಲಿ ತಿಂದೀಯಪ್ಪ ನೀನು? ಇನ್ನೊಂಚೂರು.”

ಈ ಮನೆಯಲ್ಲಿ ಊಟಕ್ಕೆ ಕೂತವರು ‘ಸಾಕು’ ಎಂದರೆ ಅತ್ತೆ ಏನು ಮಾಡುತ್ತಾರೆಂದು ಹದಿನಾರು ವರ್ಷದಿಂದ ನೋಡುತ್ತಿದ್ದೇನೆ. ಆಳುಗಳಿಗೆ ಭಟ್ಟಿಯಲ್ಲೇ ಅವರು ಬುತ್ತಿ ಬಡಿಸುವುದನ್ನು ಯಂತ್ರವೂ ಮೂರು ತಿಂಗಳು ನೋಡಿತ್ತು.

“ಸಾಕು ಅನ್ಬ್ಯಾಡ್ರಿ,” ಎಂದು ನಾನು ಕೂಗಿದೆ.

ಕೂಗಿದ್ದೇ ತಪ್ಪಾಯಿತು. ಯಂತ್ರಕ್ಕೆ ನನ್ನ ಬಾಯಿಂದಲೂ ‘ಸಾಕು’ ಕೇಳಿಸಿತು. “ನೀನೂ ತಿನ್ನವ್ವ,” ಎಂದು ಇನ್ನೊಂದು ಮೂಟೆ ಅಕ್ಕಿಯನ್ನು ಬಾಣಲೆಗೆ ಬಗ್ಗಿಸಿತು.

ನಾವಿಬ್ಬರೂ ಬಾಗಿಲಿಗೆ ಓಡಿದೆವು. ಆ ಬಾಗಿಲು ಒಳಕ್ಕೆ ತೆರೆಯುವಂಥದು. ಒಳಗೆ ಮಂಡಕ್ಕಿ ಆಗಲೇ ಸೊಂಟದ ಮಟ್ಟಕ್ಕೆ ಬಂದು ಒತ್ತುತ್ತಿತ್ತು. ಕೊಟ್ರೇಶಿ ಭುಜ ಕೊಟ್ಟು ತಳ್ಳಿದ, ಬಾಗಿಲು ಒಂದು ಬೆರಳೂ ಸರಿಯಲಿಲ್ಲ. ಒಳಗಿನಿಂದ ಕೆಮ್ಮು ಶುರುವಾಯಿತು. ಆ ಕೆಮ್ಮು ನನಗೆ ಗೊತ್ತು. ಅದರ ಹಿಂದೆಯೇ ಉಸಿರು ಕಟ್ಟುತ್ತದೆ.

“ನಿಲ್ಲಿಸು,” ಎಂದ ಕೊಟ್ರೇಶಿ ಯಂತ್ರಕ್ಕೆ.

“ಪೂಜೆ ಮಾಡಿ ಶುರು ಮಾಡಿದ್ದನ್ನ ನಿಲ್ಲಿಸು ಅಂತಾರೇನು? ಬಿಡ್ತು ಅನ್ನು.”

“ಒಲೆ ಆರಿಸು!”

“ಆರಿಸು ಅನ್ಬಾರ್ದು. ಬಿಡ್ತು ಅನ್ನು.”

ಹುಟ್ಟಿದಾಗಿನಿಂದ ಅದೇ ದನಿಯ ಗದರಿಕೆ ಕೇಳಿ ಬೆಳೆದ ಹುಡುಗ. ಅಭ್ಯಾಸಬಲದಿಂದ “ಬಿಡ್ತು” ಎಂದೇಬಿಟ್ಟ. ಯಂತ್ರ “ಜಾಣ” ಎಂದು, ಅವನ ಅಪ್ಪಣೆಯನ್ನು ಅಳಿಸಿಹಾಕಿ, ಕೆಲಸ ಮುಂದುವರಿಸಿತು.

“ಆ ಟಿಕ್ ತೆಗಿಯೋ ಪುಣ್ಯಾತ್ಮ,” ಎಂದೆ.

“ಸೆಟ್ಟಿಂಗು ಬದಲಾಗ್ಬೇಕು ಅಂದ್ರೆ ಗಂಟು ಕೆಳಗಿಳಿಸಿ ಮತ್ತೆ ಏರಿಸ್ಬೇಕು, ಅತ್ತಿಗೆ.”

“ಇಳಿಸು ಮತ್ತೆ.”

“ಇಳಿಸೋಕೆ ಮೊದ್ಲು ನಿಲ್ಲಿಸ್ಬೇಕು.”

“ನಿಲ್ಲಿಸು.”

“ನಿಲ್ಲಿಸೋಕೆ ಸೆಟ್ಟಿಂಗು ಬದಲಾಗ್ಬೇಕು.”

“ಕರೆಂಟು ತೆಗಿ!”

“ಕರೆಂಟು ಹೋದ್ರೂ ನಡೀಲಿ ಅಂತ ದೊಡ್ಡ ಬ್ಯಾಟ್ರಿ ಇಟ್ಟೀನಿ.” ಅವನ ದನಿ ಇಳಿಯಿತು. “ಅದು ಒಳಗೈತಿ. ಅಣ್ಣನ ಕಾಲ ಹತ್ರ.”

ಗೂಟದ ಅಂಗಿಯಿಂದ ಪಂಪು ತೆಗೆದುಕೊಂಡು, ಅಕ್ಕಿ ಮೂಟೆಗಳ ಮೇಲೆ ಹತ್ತಿ, ಬೆಳಕಿಂಡಿಯ ಸರಳಿನೊಳಗೆ ಕೈ ತೂರಿಸಿದೆ. ಕೆಳಗೆ ಬಿಳಿಯ ಮಂಡಕ್ಕಿ, ಅದರ ನಡುವೆ ಯಜಮಾನರ ಮುಖ. ಎದೆಯವರೆಗೆ ಹೂತಿದ್ದರು. ಕೈ ಮೇಲೆತ್ತಿದರು. ನಮ್ಮಿಬ್ಬರ ಬೆರಳುಗಳ ನಡುವೆ ಒಂದು ಗೇಣು ಉಳಿಯಿತು. ಪಂಪನ್ನು ಬಿಟ್ಟೆ. ಅದು ಅವರ ಬೆರಳಿಗೆ ತಾಗಿ ಪಕ್ಕಕ್ಕೆ ಬಿದ್ದು ಮಂಡಕ್ಕಿಯಲ್ಲಿ ಮುಳುಗಿಹೋಯಿತು.

“ಎಲ್ರಿ? ಸಿಕ್ತಾ?”

ಉಸಿರಿನ ಸಿಳ್ಳೆ ಮಾತ್ರ ಕೇಳುತ್ತಿತ್ತು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ. ಹೆರಿಗೆಯಲ್ಲೂ ಆಗಿರಲಿಲ್ಲ.

ಮೂಟೆಯ ಮೇಲೆ ಕೂತಿರುವಾಗ, ಯಾಕೋ ಮದುವೆಯಾಗಿ ಬಂದ ಮೊದಲ ದಿನ ನೆನಪಾಯಿತು. ಅತ್ತೆ, “ದೀಪ ದೊಡ್ಡದು ಮಾಡವ್ವ” ಎಂದಿದ್ದರು. ನಮ್ಮ ತವರಿನಲ್ಲಿ ಆ ಮಾತಿರಲಿಲ್ಲ. ನಾನು ಬತ್ತಿ ಎಳೆದು ಉರಿ ಜೋರು ಮಾಡಿ, ಬೈಸಿಕೊಂಡಿದ್ದೆ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಭಟ್ಟಿಯ ಬೆಂಕಿಗೂ ಅತ್ತೆ ಅದನ್ನೇ ಹೇಳುವುದು.

“ಕೊಟ್ರೇಶಿ, ಅತ್ತೆ ಅನ್ನೋ ಹಂಗೆ ‘ಬೆಂಕಿ ದೊಡ್ಡ...”

ಅವನು ಓಡಿಬಂದು ನನ್ನ ಬಾಯಿ ಮುಚ್ಚಿ, ಯಂತ್ರಕ್ಕೆ ಕೇಳದಂತೆ ಪಿಸುಗುಟ್ಟಿದ. “ಬ್ಯಾಡ! ಹುರಿಯೋ ಮಾಡ್ಯೂಲಿನಾಗೆ ‘ದೊಡ್ಡದು’ ಅಂದ್ರೆ ಒಲೆ ಊದೋ ಫ್ಯಾನು ಫುಲ್ಲು ಅಂತ ನಾನೇ ಬರೆದೀನಿ. ಕಾದ ಮರಳೇ ಕೊಳವೇಲಿ ಹಾರಿ ಅಣ್ಣನ ಮ್ಯಾಲೆ ಬೀಳ್ತತಿ.”

ಅವನ ಕೈ ಕಿತ್ತುಹಾಕಿದೆ. “ಅದು ಸೊಸೆ ಅರ್ಥ. ಅತ್ತೆ ಅರ್ಥ ಬ್ಯಾರೆ. ಟಿಕ್ ಯಾವುದಕ್ಕೆ ಹಾಕೀದಿ?”

“ಹಿರಿಯರು ಮೊದಲು. ಆದ್ರೆ ಅಮ್ಮ ಆ ಮಾತು ಮೈಕಿನ ಮುಂದೆ ಅಂದಾಳೋ ಇಲ್ಲೋ ನಂಗೊತ್ತಿಲ್ಲ. ಅಂದಿಲ್ಲಾಂದ್ರೆ ಯಂತ್ರ ನಂದೇ ಅರ್ಥ ಹಿಡೀತತಿ.”

ಅಮಾವಾಸ್ಯೆಗೆ ನಮ್ಮ ಭಟ್ಟಿಗೆ ರಜೆ. ಹಿಂದಿನ ಸಂಜೆ ಬೆಂಕಿ ಇಳಿಸುತ್ತಾರೆ. ಮೂರು ತಿಂಗಳಿಗೆ ಮೂರು ಅಮಾವಾಸ್ಯೆ. ಮೂರು ಸಲವೂ ಅತ್ತೆ ಅಂದಿದ್ದರೇ? ಎರಡು ಸಲ ನಾನೇ ಪಕ್ಕದಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದೆ. ಅಂದಿದ್ದರು. ಅಂದಿದ್ದರು ಅನ್ನಿಸಿತು. ಒಳಗಿನ ಸಿಳ್ಳೆ ಸಣ್ಣಗಾಗುತ್ತಿತ್ತು.

ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ. “ಬೆಂಕಿ ದೊಡ್ಡದು ಮಾಡವ್ವ.”

ಫ್ಯಾನು ಗೊರ್ ಎಂದಿತು. ಕೊಟ್ರೇಶಿ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ.

ಆಮೇಲೆ ಗೊರಗುಟ್ಟುವುದು ನಿಂತಿತು. ಉರಿ ಕೆಂಪಾಗಿ, ಮಂಕಾಗಿ, ಇಲ್ಲವಾಯಿತು. ಕೊಳವೆಯಿಂದ ಕೊನೆಯ ನಾಲ್ಕು ಕಾಳು ಉದುರಿದವು. “ಆಗ್ಲವ್ವ. ದೊಡ್ಡದು ಮಾಡ್ದೆ,” ಎಂದಿತು ಯಂತ್ರ, ಬಹಳ ಭಕ್ತಿಯಿಂದ.

ಕೊಟ್ರೇಶಿ ಕೊಳವೆಯನ್ನು ಗೋಡೆಯಿಂದ ಕಿತ್ತ. ಆ ತೂತಿನಿಂದ ಮಂಡಕ್ಕಿ ನಮ್ಮ ಮೈಮೇಲೆ ಸುರಿಯಿತು, ಅಂಗಳ ತುಂಬಿತು. ಅದರ ಜೊತೆಗೇ ಪಂಪೂ ಉರುಳಿ ಬಂತು. ಅದರ ಹಿಂದೆ ಯಜಮಾನರ ಕೈ ಬಂತು. ಪಂಪನ್ನು ಆ ಕೈಯಲ್ಲಿಟ್ಟು, ಬೆರಳು ಮಡಚಿ, ಎರಡು ಸಲ ಎಳೆದುಕೊಂಡ ಸದ್ದು ಕೇಳಿಸುವವರೆಗೂ ನಾನು ಆ ಮಣಿಕಟ್ಟು ಬಿಡಲಿಲ್ಲ. ಬಾಗಿಲು ತೆರೆದು ಹೊರಗೆ ಬಂದಾಗ ಅವರು ಮದುಮಗನಂತೆ ತಲೆಯ ಮೇಲೆಲ್ಲ ಅಕ್ಷತೆ ಹೊತ್ತಿದ್ದರು. ನಾನು ಕೂತು ಅತ್ತುಬಿಟ್ಟೆ.

ಅತ್ತೆ ಮಠದಿಂದ ಬಂದು ಅಂಗಳ ನೋಡಿದರು, ದೊಡ್ಡ ಮಗನನ್ನು ನೋಡಿದರು. “ಯಾಕಪ್ಪ, ಹಿಂಗೆ ಸೊರಗೀದಿ?” ಎಂದು ಒಂದು ಮೊರದ ತುಂಬ ಮಂಡಕ್ಕಿ ಹಾಕಿ ಮುಂದಿಟ್ಟರು. ಯಜಮಾನರು ‘ಸಾ’ ಎಂದು ಬಾಯಿ ತೆರೆದು, ಯಂತ್ರದ ಕಡೆ ನೋಡಿ, ಬಾಯಿ ಮುಚ್ಚಿಕೊಂಡು ಪೂರ್ತಿ ತಿಂದರು.

ಮರುದಿನ ಯಂತ್ರವನ್ನು ಗುಜರಿಯ ಗಾಡಿಗೆ ಏರಿಸಿದೆವು. ಅದರೊಳಗೆ ಎಲ್ಲೋ ಒಂದಿಷ್ಟು ಬ್ಯಾಟರಿ ಉಳಿದಿತ್ತೋ ಏನೋ, ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲು ಅತ್ತೆಯ ದನಿ ಕೇಳಿಸಿತು. “ಹೋಗಿ ಬರ್ತೀನವ್ವ.”

‘ಹೋಗ್ತೀನಿ’ ಎಂದಷ್ಟೇ ಹೇಳುವುದು ನಮ್ಮ ಮನೆಯಲ್ಲಿ ದೊಡ್ಡ ಅಪಶಕುನ. ಆದರೂ ಅದೊಂದು ಹಾಗೆ ಅಂದಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ.