ಈ ವಯಸ್ಸಿಗೆ ಒಪ್ಪುತ್ತಾ?

ವಯಸ್ಸಿಗೆ ತಕ್ಕ ಬಟ್ಟೆ ಹಾಕಿಕೊಳ್ಳಬೇಕು ಅನ್ನುವ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಯಾವ ವಯಸ್ಸಿಗೆ ಯಾವ ಬಟ್ಟೆ ಅಂತ ಮಾತ್ರ ಇವತ್ತಿನವರೆಗೂ ಯಾರೂ ಬಿಡಿಸಿ ಹೇಳಿಲ್ಲ. ಹಾಗಾಗಿ ಐವತ್ತೈದು ದಾಟಿದ ಮೇಲೂ ಬೀರು ಬಾಗಿಲು ತೆಗೆದರೆ ನನ್ನೆದೆ ಡವಡವ ಅನ್ನುತ್ತದೆ. ಮೈಸೂರು ಬಿಟ್ಟು ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ಸಯನ್‌ನ ಮೂರನೇ ಮಹಡಿಯ ಮನೆಯಲ್ಲಿ ನಾವು ನಾಲ್ಕು ಜನ: ನಾನು, ರಿಟೈರಾದ ನಮ್ಮ ಯಜಮಾನರು, ಕೆಲಸಕ್ಕೆ ಹೋಗುವ ಮಗಳು, ಎಂಬತ್ತೆರಡರ ಅತ್ತೆ. ಬಟ್ಟೆಯಿಂದ ಆಗುವ ಪಜೀತಿ ಈ ನಾಲ್ವರಲ್ಲಿ ಯಾರಿಗಾದರೂ ಒಬ್ಬರಿಗೆ ಆಗುತ್ತಲೇ ಇರುತ್ತದೆ. ಯಾರಿಗೇ ಆಗಲಿ, ಬೆವರುವುದು ನಾನು.

೧. ಮೌಶಿಯ ಕಣ್ಣು

ನಮ್ಮ ಆಫೀಸು ಗೋರೆಗಾಂವ್‌ನಲ್ಲಿ. ಹೊಸ ಮ್ಯಾನೇಜರ್ ಬಂದಳು, ನನ್ನ ಮಗಳ ವಯಸ್ಸಿನವಳು. ಬಂದ ವಾರವೇ ಒಂದು ಮೇಲ್ ಕಳಿಸಿದಳು: ಇನ್ನು ಮೇಲೆ ಶುಕ್ರವಾರ ಎಲ್ಲರೂ ಜೀನ್ಸ್ ಹಾಕಿಕೊಂಡು ಆರಾಮವಾಗಿ ಬರಬೇಕು. ಆರಾಮವಾಗಿರಿ ಅಂತ ಅಪ್ಪಣೆ ಬಂದ ದಿನದಿಂದ ನನ್ನ ನಿದ್ದೆ ಹಾರಿಹೋಯಿತು. ಇಪ್ಪತ್ತೆಂಟು ವರ್ಷ ಸೀರೆ ಉಟ್ಟೇ ಲೋಕಲ್ ಹತ್ತಿದವಳು ನಾನು. ಆಫೀಸಿನಲ್ಲಿ ನಾನೊಬ್ಬಳೇ ಸೀರೆಯಲ್ಲಿ ಕೂತರೆ, ಇವಳಿಗೆ ವಯಸ್ಸಾಯಿತು, ಮನೆಗೆ ಕಳಿಸೋಣ ಅಂದುಬಿಟ್ಟರೆ?

ಮಗಳು ಹೋಗಿ ಒಂದು ಜೀನ್ಸ್ ತಂದಳು. "ಅಮ್ಮಾ, ಚಿಲ್ ಯಾರ್. ಬಾಂಬೇಲಿ ಯಾರೂ ಯಾರನ್ನೂ ನೋಡೋದಿಲ್ಲ," ಅಂದಳು.

ಶುಕ್ರವಾರ ಬೆಳಿಗ್ಗೆ ಕನ್ನಡಿಯ ಮುಂದೆ ಹತ್ತು ಸಲ ನಿಂತು ನೋಡಿ, ಮೇಲೊಂದು ಗಿಡ್ಡ ಕುರ್ತಾ ಹಾಕಿಕೊಂಡು ಹೊರಟೆ. ಸಯನ್‌ನಿಂದ ದಾದರಿನವರೆಗೆ ಹೇಗೋ ಬಂದೆ. ದಾದರಿನಲ್ಲಿ ಗಾಡಿ ಬದಲಾಯಿಸಿ ಲೇಡೀಸ್ ಡಬ್ಬಿ ಹತ್ತಿದೆ. ಕೂರಲು ಜಾಗವಿರಲಿಲ್ಲ, ಕಂಬಿ ಹಿಡಿದು ನಿಂತೆ. ಆಗ ಶುರುವಾಯಿತು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಒಬ್ಬ ಮರಾಠಿ ಹೆಂಗಸು, ಇಲ್ಲಿಯವರು ಮೌಶಿ ಅನ್ನುವಂಥ ವಯಸ್ಸಿನವಳು, ನನ್ನ ಕಾಲನ್ನೇ ನೋಡುತ್ತಿದ್ದಾಳೆ. ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ತೋರಿಸುತ್ತಿದ್ದಾಳೆ. ಪಕ್ಕದವಳು ತನ್ನ ಪಕ್ಕದವಳಿಗೆ. ಕಾಲೇಜು ಹುಡುಗಿಯರಿಬ್ಬರು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ಬಾಂದ್ರಾ ಬಂತು, ಸಾಂತಾಕ್ರೂಜ್ ಬಂತು, ನೋಟ ಮಾತ್ರ ಕದಲಲಿಲ್ಲ. ನನಗೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಮನೆಗೆ ಹೋಗಿ ಸೀರೆ ಉಡೋಣ, ಕೆಲಸ ಹೋದರೆ ಹೋಗಲಿ ಅಂತ ನಿಶ್ಚಯಿಸಿದೆ.

ಅಂಧೇರಿ ಬರುವ ಹೊತ್ತಿಗೆ ಮೌಶಿ ತಡೆಯಲಾರದೆ ಎದ್ದು ಬಂದು ನನ್ನ ಭುಜ ತಟ್ಟಿದಳು. "ತಾಈ, ಹೇ ಛತ್ತೀಸ್ ಛತ್ತೀಸ್ ಕಾಯ್ ಆಹೇ?"

ಮೂವತ್ತಾರು ಮೂವತ್ತಾರು ಅಂದರೆ ಏನು ಅಂತ ನನಗೂ ತಿಳಿಯಲಿಲ್ಲ. ಅವಳೇ ಬಗ್ಗಿ, ನನ್ನ ತೊಡೆಯ ಹಿಂಭಾಗದಿಂದ ಮೊಣಕಾಲಿನ ಕೆಳಗಿನವರೆಗೆ ಅಂಟಿದ್ದ ಉದ್ದನೆಯ ಸ್ಟಿಕ್ಕರನ್ನು ಚರ್ ಅಂತ ಕಿತ್ತು ಕೈಗೆ ಕೊಟ್ಟಳು. ಅಂಗಡಿಯವರು ಅಂಟಿಸಿದ ಅಳತೆಯ ಪಟ್ಟಿ. ೩೬, ೩೬, ೩೬, ೩೬ ಅಂತ ಉದ್ದಕ್ಕೂ ಅಚ್ಚಾಗಿತ್ತು.

ನನ್ನ ವಯಸ್ಸು ಎಷ್ಟು ಅಂತ ಆ ಡಬ್ಬಿಯಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಸೊಂಟದ ಸುತ್ತಳತೆಯನ್ನು ಮಾತ್ರ ದಾದರಿನಿಂದ ಅಂಧೇರಿಯವರೆಗೆ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು.

೨. ಯಾರಿಗೆ?

ಒಮ್ಮೆ ನೆಂಟರ ಮದುವೆಗೆ ನನಗೊಂದು ಸೀರೆ ಬೇಕಾಗಿತ್ತು. ದಾದರಿನ ಅಂಗಡಿಗೆ ಒಬ್ಬಳೇ ಹೋದೆ. ಅಂಗಡಿಯವನು ಮೆತ್ತೆಯ ಮೇಲೆ ಒಂದೊಂದೇ ಸೀರೆ ಹರಡುತ್ತಾ ಹೋದ. ನನ್ನ ಕಣ್ಣು ಒಂದು ಗಿಣಿಹಸಿರು ಸೀರೆಯ ಮೇಲೆ ಬಿತ್ತು. ಗುಲಾಬಿ ಅಂಚು, ಸಣ್ಣ ಸಣ್ಣ ಬುಟ್ಟಾ. ಕೈಯಲ್ಲಿ ಮುಟ್ಟಿದೆ.

"ಬೇಟಿ ಕೇ ಲಿಯೇ?" ಅಂದ.

ಮಗಳಿಗಾ ಅಂತ ಕೇಳಿದ ಮೇಲೆ ನನಗೇ ಅನ್ನುವುದು ಹೇಗೆ? ಅಕ್ಕಪಕ್ಕ ನಾಲ್ಕು ಹೆಂಗಸರು ಕೂತಿದ್ದಾರೆ. "ಹಾಂ ಹಾಂ, ಬೇಟಿಗೇ," ಅಂದುಬಿಟ್ಟೆ. ಅವನು ಮಡಿಸಿ ಪಕ್ಕಕ್ಕಿಟ್ಟ. ಮಗಳು ಸೀರೆ ಉಟ್ಟಿದ್ದು ಕಾಲೇಜಿನಲ್ಲಿ ಒಂದೇ ಸಲ, ಅದೂ ಅರ್ಧ ದಿನ.

ಸರಿ, ಇನ್ನು ಯಾರೂ ಬೆರಳು ತೋರಿಸದಂಥ ಬಣ್ಣ ತೆಗೆದುಕೊಳ್ಳೋಣ ಅಂತ ಒಂದು ಬೂದಿಬಣ್ಣದ ಸೀರೆ ಎಳೆದೆ. ಅವನು ನನ್ನ ಮುಖ ನೋಡಿದ, ಸೀರೆ ನೋಡಿದ. "ಸಾಸೂಜೀ ಕೇ ಲಿಯೇ?"

ಅತ್ತೆಗಾ ಅಂದರೆ ಅಲ್ಲ ಅನ್ನೋಣ ಅಂದುಕೊಂಡೆ. ಆದರೆ ಅಲ್ಲ ಅಂದರೆ ಅತ್ತೆಯ ಬಣ್ಣ ನನಗೆ ಬೇಕು ಅಂದಂತಾಯಿತಲ್ಲ. ಬೆವರು ಒರೆಸಿಕೊಂಡು ಹೌದು ಅಂದೆ.

ಮನೆಗೆ ಬಂದಾಗ ಯಜಮಾನರು ಚೀಲ ಬಿಚ್ಚಿ ನೋಡಿದರು. "ಇದು ಅವಳಿಗೆ, ಇದು ಅಮ್ಮನಿಗೆ. ನಿನಗೇನು ತಂದೆ?"

"ಒಂದು ಡಜನ್ ಸೇಫ್ಟಿ ಪಿನ್ನು," ಅಂದೆ. "ಅದೊಂದನ್ನೇ ಆ ಮನುಷ್ಯ ಯಾರಿಗೆ ಅಂತ ಕೇಳದೆ ಕೊಟ್ಟಿದ್ದು."

೩. ಹಳದಿ ಬನಿಯನ್ನಿನ ಹುಡುಗ

ಯಜಮಾನರು ಕೆಲಸದಲ್ಲಿದ್ದಷ್ಟು ದಿನ ತುಂಬುತೋಳಿನ ಅಂಗಿ, ಇಸ್ತ್ರಿ ಪ್ಯಾಂಟು ಬಿಟ್ಟು ಬೇರೆ ಹಾಕಿದವರಲ್ಲ. ರಿಟೈರಾದ ಮರುದಿನವೇ ಮಗಳು ತಂದುಕೊಟ್ಟ ಹಳದಿ ಟೀ-ಶರ್ಟು, ಹೂಹೂವಿನ ಚಡ್ಡಿ ಏರಿಸಿದರು. ನನಗೆ ದಿಗಿಲಾಯಿತು. ಯಾಕೆಂದರೆ ಅವರು ನಮ್ಮ ಬಿಲ್ಡಿಂಗಿನ ಕಮಿಟಿ ಮೆಂಬರು.

"ರೀ, ಕೆಳಗೆ ಹೋಗಬೇಕಾದರೆ ಪ್ಯಾಂಟ್ ಹಾಕ್ಕೊಂಡು ಹೋಗ್ರೀ. ಈ ವಯಸ್ಸಿಗೆ ಚೆನ್ನಾಗಿರಲ್ಲ."

"ಗಾಳಿ ಆಡುತ್ತೆ ಕಣೇ," ಅಂತ ಹೋಗಿಬಿಟ್ಟರು.

ಒಂದು ಭಾನುವಾರ ಹಾಲು ತರಲು ಹೋದವರು ಹತ್ತು ನಿಮಿಷದಲ್ಲಿ ಮೆಟ್ಟಿಲು ಹಾರಿಕೊಂಡು ಓಡಿಬಂದರು, ಲಿಫ್ಟಿಗೂ ಕಾಯದೆ. ಮುಖ ಬಿಳಿಚಿಕೊಂಡಿತ್ತು. ಟೀ-ಶರ್ಟು ಕಳಚಿ ಸೋಫಾದ ಮೇಲೆ ಎಸೆದು, ರೂಮಿಗೆ ಹೋಗಿ ತುಂಬುತೋಳಿನ ಅಂಗಿ, ಪ್ಯಾಂಟು, ಬೆಲ್ಟು ಎಲ್ಲ ಹಾಕಿಕೊಂಡು ಬಂದು ಪೇಪರ್ ಹಿಡಿದು ಕೂತರು. ಪೇಪರ್ ತಲೆಕೆಳಗಾಗಿತ್ತು.

"ಏನಾಯ್ತ್ರೀ? ಎದೆನೋವಾ?" ಅಂತ ಓಡಿ ಹೋಗಿ ನೀರು ತಂದೆ.

ಅಷ್ಟರಲ್ಲಿ ಬೆಲ್ ಆಯಿತು. ಮೊದಲನೇ ಮಹಡಿಯ ಅಜ್ಜಿ. ಮಂಗಳೂರು ಕಡೆಯವರು, ಕಣ್ಣು ಸ್ವಲ್ಪ ಮಂದ, ನಾಲಿಗೆ ಚುರುಕು.

"ನೀವು ಕಮಿಟಿಯವರಲ್ವಾ, ಅದಕ್ಕೆ ನಿಮ್ಮಲ್ಲಿ ಹೇಳಿ ಹೋಗುವ ಅಂತ ಬಂದದ್ದು ಮಾರಾಯ್ರೆ. ನನ್ನ ಕಿಟಕಿಯ ಗ್ಲಾಸು ಪುಡಿಪುಡಿ! ಮಕ್ಕಳು ಸಣ್ಣವು ಆಡ್ತಾ ಇದ್ದವು, ಪಾಪದವು. ಇವ ಒಬ್ಬ ಉದ್ದದ ಹುಡುಗ ಬಂದು ಬ್ಯಾಟು ಕಿತ್ತುಕೊಂಡು ಬೀಸಿದ್ದು ನಾನೇ ನೋಡಿದ್ದು. ಹಳದಿ ಬನಿಯನ್ನು, ಚಡ್ಡಿ. ಯಾರ ಮಗನೋ ಏನೋ. ಅವನ ಅಪ್ಪ ಅಮ್ಮನಿಗೆ ಸರೀ ಹೇಳಬೇಕು ನೀವು."

ಯಜಮಾನರು ಎದ್ದು ನಿಂತು ಬೆಲ್ಟು ಸರಿಮಾಡಿಕೊಂಡು, "ವಿಚಾರಿಸ್ತೀನಿ ಅಮ್ಮ, ಖಂಡಿತ ವಿಚಾರಿಸ್ತೀನಿ," ಅಂದರು. ನಾನು ಸೋಫಾದ ಮೇಲೆ ಬಿದ್ದಿದ್ದ ಹಳದಿ ಟೀ-ಶರ್ಟಿನ ಮೇಲೆ ಕೂತೆ.

ಅಜ್ಜಿ ತಿರುಗಿ ಹೊರಡುವವರಿದ್ದರು. ಆಗ ಒಳಗಿನ ರೂಮಿನಿಂದ ಅತ್ತೆ ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತರು. ಸುಳ್ಳು ಅಂದರೆ ಅವರಿಗೆ ಮೊದಲಿನಿಂದಲೂ ಆಗದು. ಕೈಮುಗಿದು ಹೇಳಿದರು: "ನನ್ನ ಮಗನೇ ತಾಯಿ. ತಪ್ಪಾಯ್ತು. ಇನ್ನು ಮೇಲೆ ಆಡೋದಕ್ಕೆ ಬಿಡಲ್ಲ."

೪. ವಾಕರು ಮತ್ತು ಅತ್ತೆ

ಇದನ್ನು ಈಗ ನಗುತ್ತಾ ಹೇಳುತ್ತೇನೆ. ಆಗ ನಗುವ ಸ್ಥಿತಿಯಲ್ಲಿ ನಾವು ಯಾರೂ ಇರಲಿಲ್ಲ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ಕರೆತಂದೆವು. ಡಾಕ್ಟರು ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, "ಬೇಗ ಎಬ್ಬಿಸಿ ನಡೆಸಬೇಕು. ಇಲ್ಲದಿದ್ದರೆ ಹಾಸಿಗೆ ಹಿಡಿದುಬಿಡುತ್ತಾರೆ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಕಷ್ಟ," ಅಂದಿದ್ದರು.

ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋ ಹುಡುಗಿ ಜೋಗೇಶ್ವರಿಯಿಂದ ದಿನಾ ಬರುತ್ತಿದ್ದಳು. ವಾಕರು ಹಿಡಿಸಿ ನಿಲ್ಲಿಸಿದಳು. ಅತ್ತೆ ಒಂದು ಹೆಜ್ಜೆ ಇಟ್ಟರು, ನೆರಿಗೆ ಜಾರಿತು. ನೆರಿಗೆ ಹಿಡಿಯಲು ಕೈ ಬಿಟ್ಟರು, ವಾಕರು ಆಚೆ ಸರಿಯಿತು. ಹುಡುಗಿ ತಬ್ಬಿ ಹಿಡಿಯದಿದ್ದರೆ ಇನ್ನೊಂದು ಕಡೆಯ ಮೂಳೆಯೂ ಹೋಗುತ್ತಿತ್ತು.

"ಸೀರೆ ನಹೀ ಚಲೇಗಾ, ಆಂಟೀ," ಅಂದಳು ನನಗೆ. "ನೈಟಿ ಕೂಡ ಕಾಲಿಗೆ ಸಿಗುತ್ತದೆ. ಪ್ಯಾಂಟ್ ಹಾಕಿಸಿ."

ಅತ್ತೆಗೆ ಹೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

"ಎಂಬತ್ತೊಂದು ವರ್ಷಕ್ಕೆ ಪ್ಯಾಂಟಾ? ಹೀಗೇ ಹೋಗಿಬಿಡ್ತೀನಿ ಬಿಡೇ. ಸೀರೆ ಉಟ್ಟುಕೊಂಡೇ ಹೋಗ್ತೀನಿ."

ಒಂದು ವಾರ ಹೀಗೇ ಕಳೆಯಿತು. ಊಟ ಕಡಿಮೆಯಾಯಿತು. ಮಾತು ಕಡಿಮೆಯಾಯಿತು. ಕಾಲು ಸಣ್ಣಗಾಗುತ್ತಾ ಬಂತು. ನಾನು ಆಫೀಸಿನಲ್ಲಿ ಕೂತಿದ್ದರೂ ಮನಸ್ಸೆಲ್ಲ ಫೋನಿನ ಮೇಲೆ. ಯಜಮಾನರು ಅಮ್ಮನ ಕಾಲು ಒತ್ತುತ್ತಾ ಕೂತು, ನನಗೆ ಕಾಣದ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಗೆ ಮಗಳೇ ಒಂದು ಸಂಜೆ ಅಪ್ಪನ ಕಪ್ಪು ಟ್ರ್ಯಾಕ್ ಪ್ಯಾಂಟ್ ಹಿಡಿದು ಅಜ್ಜಿಯ ಹತ್ತಿರ ಕೂತಳು. ಅವಳ ಕನ್ನಡ ಅಷ್ಟಕ್ಕಷ್ಟೇ. "ಅಜ್ಜೀ, ನೀನು ನಡೀದಿದ್ರೆ ನಾನು ಯಾರ ಜೊತೆ ಫೈಟ್ ಮಾಡ್ಲಿ? ಪ್ಲೀಸ್. ಒಂದು ಸಲ. ಬಾಗಿಲು ಬಂದ್ ಮಾಡ್ತೀನಿ. ಯಾರೂ ನೋಡಲ್ಲ."

ಅತ್ತೆ ಗೋಡೆಯಿಂದ ಈ ಕಡೆ ತಿರುಗಿ ಪ್ಯಾಂಟನ್ನು ನೋಡಿದರು. ಹೂಂ ಅಂತ ತಲೆಯಾಡಿಸಿದರು. ಮಗಳು ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ನಾನು ಹೊರಗೆ ನಿಂತು ಇರುವ ದೇವರಿಗೆಲ್ಲ ಹರಕೆ ಹೊತ್ತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ಕೂಗು ಕೇಳಿಸಿತು. ಬಿದ್ದರು ಅಂತಲೇ ಬಾಗಿಲು ತಳ್ಳಿಕೊಂಡು ನುಗ್ಗಿದೆವು.

ಅತ್ತೆ ವಾಕರಿಗೆ ಒರಗಿ ನಿಂತಿದ್ದರು. ಒಂದು ಕೈ ಪ್ಯಾಂಟಿನ ಜೇಬಿನೊಳಗಿತ್ತು.

"ಏನೇ ಇದು, ಜೇಬು ಇದೆಯಲ್ಲೇ! ಆ ಕಡೆಗೊಂದು, ಈ ಕಡೆಗೊಂದು!" ಮಗನ ಕಡೆ ತಿರುಗಿ, "ಹುಟ್ಟಿದಾಗಿನಿಂದ ನಿಮಗೆ ಗಂಡಸರಿಗೆಲ್ಲ ಇದು ಇತ್ತೇನೋ? ಒಬ್ಬನಾದರೂ ಬಾಯಿ ಬಿಟ್ಟನಾ?" ಅಂದರು.

ಅವತ್ತಿನಿಂದ ಅತ್ತೆಯ ಎರಡೂ ಕೈ ವಾಕರಿನ ಮೇಲೆ, ಸಂಸಾರವೆಲ್ಲ ಜೇಬಿನಲ್ಲಿ. ಎಡಗಡೆ ಕನ್ನಡಕ, ಮಾತ್ರೆ, ಕರವಸ್ತ್ರ. ಬಲಗಡೆ ಏಲಕ್ಕಿ, ಜಪಸರ, ಟೀವಿಯ ರಿಮೋಟು. ಹಾಸಿಗೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ನಡೆದರು. ಮೂರನೇ ವಾರಕ್ಕೆ ಫಿಸಿಯೋ ಹುಡುಗಿ, "ಇನ್ನು ನಾನು ಬರಬೇಕಾಗಿಲ್ಲ," ಅಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅತ್ತು ಮುಗಿಸುವಷ್ಟರಲ್ಲಿ ಮೈಸೂರಿನಿಂದ ಫೋನು. ಅತ್ತೆಯ ತಂಗಿ, ನಮ್ಮ ಚಿಕ್ಕಮ್ಮ, ಅಕ್ಕನನ್ನು ನೋಡಲು ಬರುತ್ತಿದ್ದಾರೆ. ಚಿಕ್ಕಮ್ಮನಿಗೆ ಎಪ್ಪತ್ತೆಂಟು. ಭಾರೀ ಮಡಿ. ನನ್ನ ಮದುವೆಯಲ್ಲಿ ನನ್ನ ರವಿಕೆಯ ತೋಳು ಎರಡು ಬೆರಳು ಗಿಡ್ಡವಾಯಿತು ಅಂತ ಮಂಟಪದಲ್ಲೇ ಹೇಳಿದವರು. ಅವರ ಎದುರು ಅತ್ತೆ ಪ್ಯಾಂಟಿನಲ್ಲಿ! ಸೊಸೆ ನನ್ನ ಅಕ್ಕನಿಗೆ ಪ್ಯಾಂಟು ತೊಡಿಸಿದಳು ಅಂತ ಮೈಸೂರಿಗೆಲ್ಲ ಗೊತ್ತಾಗುತ್ತದೆ. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ.

"ಅತ್ತೆ, ಅವರು ಇರುವಷ್ಟು ದಿನ ಮೇಲೊಂದು ಸೀರೆ ಸುತ್ತಿಕೊಳ್ಳಿ," ಅಂತ ಕಾಲು ಹಿಡಿದೆ.

"ಜೇಬಿಗೆ ಕೈ ಹೇಗೆ ಹಾಕಲಿ?" ಅಂದರು.

ಚಿಕ್ಕಮ್ಮ ಬಂದರು. ಬಾಗಿಲಲ್ಲೇ ನಿಂತು ಅಕ್ಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಾಫಿ ಕುಡಿಯುವಾಗಲೂ ಕಣ್ಣು ಪ್ಯಾಂಟಿನ ಮೇಲೇ. ಅತ್ತೆ ಜೇಬಿನಿಂದ ಏಲಕ್ಕಿ ತೆಗೆದುಕೊಟ್ಟರು, ಚಿಕ್ಕಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ಎದ್ದು, "ಅಕ್ಕಾ, ಒಳಗೆ ಬಾ," ಅಂತ ಕರೆದುಕೊಂಡು ಹೋಗಿ ಚಿಲಕ ಹಾಕಿದರು.

ಅರ್ಧ ಗಂಟೆಯಾಯಿತು. ಒಳಗೆ ಗುಸುಗುಸು. ಬೀರು ತೆಗೆದ ಸದ್ದು. ಬೈಯುತ್ತಿದ್ದಾರಾ, ಸೀರೆ ಉಡಿಸುತ್ತಿದ್ದಾರಾ? ಯಜಮಾನರು ಉಗುರು ಕಚ್ಚುತ್ತಾ ಕೂತರು. ನಾನು ಚಿಕ್ಕಮ್ಮನಿಗೆ ಹೇಳಬೇಕಾದ ಕ್ಷಮಾಪಣೆಯನ್ನು ಮೂರು ರೀತಿಯಲ್ಲಿ ಬಾಯಿಪಾಠ ಮಾಡಿದೆ.

ಚಿಲಕ ತೆಗೆದರು. ಮುಂದೆ ವಾಕರು ತಳ್ಳಿಕೊಂಡು ಅತ್ತೆ. ಹಿಂದೆ ಚಿಕ್ಕಮ್ಮ. ಅವರ ಮೈಮೇಲೆ ಯಜಮಾನರ ಇನ್ನೊಂದು ಟ್ರ್ಯಾಕ್ ಪ್ಯಾಂಟು, ನೀಲಿ ಬಣ್ಣದ್ದು, ಬದಿಗೆ ದಪ್ಪ ಕೆಂಪು ಪಟ್ಟಿಯದು. ಎರಡೂ ಕೈ ಎರಡೂ ಜೇಬಿನಲ್ಲಿ. ಮುಖ ಮಾತ್ರ ಗಂಟಿಕ್ಕಿತ್ತು. ನೇರ ನನ್ನ ಮುಂದೆ ಬಂದು ನಿಂತರು.

"ಅಲ್ಲಾ ಕಣೇ," ಅಂದರು, "ಈ ಕೆಂಪು ಪಟ್ಟಿ ನನ್ನ ವಯಸ್ಸಿಗೆ ಒಪ್ಪುತ್ತಾ? ಅಕ್ಕಂದು ಇದೆಯಲ್ಲ, ಆ ಥರ ಅಚ್ಚ ಕಪ್ಪು ಇನ್ನೊಂದು ಇದ್ದರೆ ಕೊಡು."