ತಳ್ಳುಬಡಿ ಮಾವ

ನಮ್ಮ ಸೋದರಮಾವ ಜನ್ಮದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೂ ಅವರು ದಿನಕ್ಕೆ ಐದಾರು ಜನರನ್ನು ತಳ್ಳಿ ಬಡಿಯುತ್ತಾರೆಂಬ ಸುದ್ದಿ ಮೈಸೂರಿನ ನಮ್ಮ ಬಂಧುಗಳಲ್ಲೆಲ್ಲ ಹಬ್ಬಿದೆ. ಹಬ್ಬಿಸಿದವಳು ನಾನೇ!

ತಪ್ಪು ನನ್ನದಲ್ಲ, ಭಾಷೆಯದು. ಮಾವ ಚೆನ್ನೈಯ ಸಿವಿಲ್ ಕೋರ್ಟಿನಲ್ಲಿ ನ್ಯಾಯಾಧೀಶರು. ಅರ್ಜಿ ವಜಾ ಆದರೆ ತಮಿಳಿನಲ್ಲಿ ಅದಕ್ಕೆ ‘ತಳ್ಳುಬಡಿ’ ಎನ್ನುತ್ತಾರೆ. ಚೆನ್ನೈ ಅಂಚಿನ ತಾಂಬರಂನಲ್ಲಿ ಬೆಳೆದ ನಮಗೆ ಯಾವುದು ಕನ್ನಡ, ಯಾವುದು ತಮಿಳು ಎಂಬುದರ ಪರಿವೆಯೇ ಇಲ್ಲ. ಮೈಸೂರಿನಿಂದ ಬಂದ ದೊಡ್ಡಜ್ಜಿ, ನಿಮ್ಮ ಮಾವ ಕೋರ್ಟಿನಲ್ಲಿ ಮಾಡುವುದಾದರೂ ಏನು ಎಂದು ಕೇಳಿದರು. “ಇವತ್ತು ಆರು ತಳ್ಳುಬಡಿ ಮಾಡಿದ್ರಂತೆ ಅಜ್ಜಿ” ಎಂದೆ. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. “ಅಲ್ವೇ, ಜಡ್ಜ್ ಆದೋನು ಕೈ ಮಾಡಬಹುದೇನೇ? ಅದಕ್ಕೆ ಪೊಲೀಸರಿಲ್ವಾ?”

ನಾನೇನೋ ನಕ್ಕೆ. ಒಳಗೆ ಮಾತ್ರ ಅಳುಕು. ನಾನು ಮೆಚ್ಚಿದ ಹುಡುಗ ವಕೀಲ. ವಾದ ಮಾಡುವುದು ಸಾಕ್ಷಾತ್ ಮಾವನ ಕೋರ್ಟಿನಲ್ಲೇ! ಆ ಆರು ತಳ್ಳುಬಡಿಯಲ್ಲಿ ಒಂದು ಅವನದೇ. ನಾನು ನಾಲ್ಕು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮನನ್ನೂ ನನ್ನನ್ನೂ ಸಾಕಿದವರು ಮಾವ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರೂ ಸೋದರಮಾವನೇ. ಅವರು ಒಲ್ಲೆ ಎಂದರೆ ನನಗೆ ಮದುವೆಯೇ ಬೇಡವಾಗಿತ್ತು.

ವಕೀಲರಾಗಿದ್ದಾಗ ಮಾವ ಹೀಗಿರಲಿಲ್ಲ. ಕೊತ್ತಂಬರಿ ಕಟ್ಟಿಗೂ ವಾದ ಹೂಡುತ್ತಿದ್ದರು. ಒಮ್ಮೆ ತರಕಾರಿಯವಳು ಸಾಕಾಗಿ, ಸುಮ್ಮನೆ ತೆಗೆದುಕೊಂಡು ಹೋಗಿ ಸಾರ್ ಎಂದು ಕೈಮುಗಿದಳು. ಪುಕ್ಕಟೆ ತೆಗೆದುಕೊಳ್ಳುವುದು ಏಕೆ ಸರಿಯಲ್ಲ ಎಂದು ಮಾವ ಇನ್ನೂ ಕಾಲು ಗಂಟೆ ವಾದಿಸಿದರು.

ಇಪ್ಪತ್ತು ವರ್ಷ ಹೀಗೆ ಮಾತಾಡಿದವರು ಪರೀಕ್ಷೆ ಬರೆದು ಜಿಲ್ಲಾ ನ್ಯಾಯಾಧೀಶರಾದರು ನೋಡಿ, ಬಾಯಿಗೆ ಬೀಗ ಬಿತ್ತು. ಹಳೆಯ ಗೆಳೆಯರ ಜೊತೆ ಕಾಫಿ ನಿಂತಿತು. ಲಿಫ್ಟಿನೊಳಗೆ ವಕೀಲರು ಬಂದರೆ ಇವರು ಹೊರಗೆ ಬಂದು ಮೆಟ್ಟಿಲು ಹತ್ತುತ್ತಿದ್ದರು. ಈ ಹುದ್ದೆಯಿಂದ ಆದ ಲಾಭ ಹೊಟ್ಟೆ ಕರಗಿದ್ದೊಂದೇ ಎಂದು ಅತ್ತೆಯ ತೀರ್ಪು.

ಒಂದು ದೀಪಾವಳಿಗೆ ಸೌಕಾರ್‌ಪೇಟೆಯ ಹಳೆಯ ಕಕ್ಷಿದಾರರೊಬ್ಬರು ಸಿಹಿಯ ಡಬ್ಬಿ ಕಳಿಸಿದರು. ಮಾವ ಬರುವಷ್ಟರಲ್ಲಿ ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದೆ. ಡಬ್ಬಿ ಹಿಂದಿರುಗಿಸಬೇಕು, ಆದರೆ ಒಂದು ತುಂಡು ಕಡಿಮೆ! ಮಾವ ಅಂಗಡಿ ಅಂಗಡಿ ಅಲೆದು ಅದೇ ಸಿಹಿ ಹುಡುಕಿ ತಂದು ಜಾಗ ತುಂಬಿಸಿದರು. ಒಂದೇ ತುಂಡು ಯಾರು ಮಾರುತ್ತಾರೆ? ಕಾಲು ಕಿಲೋ ತರಬೇಕಾಯಿತು. ಮಿಕ್ಕಿದ್ದನ್ನೂ ನಾನೇ ತಿಂದೆ.

ಆಡಿ ಮಾಸ, ಅಂದರೆ ತಮಿಳರ ಆಷಾಢ, ಬಂದರೆ ಇನ್ನೊಂದು ಪಜೀತಿ. ಅಂಗಡಿಯವರು ಕೊಡುವ ರಿಯಾಯಿತಿಗೂ ಇಲ್ಲಿ ತಳ್ಳುಬಡಿ ಎಂದೇ ಹೆಸರು. ಒಂದು ಭಾನುವಾರ ಮಾವ ಕಡತದಲ್ಲಿ ಮುಳುಗಿದ್ದರು.

“ಅಣ್ಣಾ ನಗರ್‌ನಲ್ಲಿ ತಳ್ಳುಬಡಿಯಂತೆ” ಎಂದರು ಅತ್ತೆ.

“ಯಾವ ಕೇಸು?”

“ರೇಷ್ಮೆ ಸೀರೆ.”

“ಪ್ರತಿವಾದಿ ಯಾರು?”

“ನೀವೇ. ಏಳಿ, ಪ್ಯಾಂಟ್ ಹಾಕ್ಕೊಳಿ.”

ಅಂತೂ ಧೈರ್ಯಮಾಡಿ ಹುಡುಗನನ್ನು ಮನೆಗೆ ಕರೆಸಿದೆ. ಮಾವ ಊರು, ಕುಲ, ಸಂಪಾದನೆ ಒಂದನ್ನೂ ಕೇಳಲಿಲ್ಲ. ತಾವು ವಜಾ ಮಾಡಿದ ಅರ್ಜಿಯ ಆದೇಶವನ್ನು ಪೂರ್ತಿ ಓದಿದೆಯೇನಪ್ಪ ಎಂದರು. ಓದಿದೆ ಸಾರ್, ಸರಿಯಾಗಿಯೇ ಇತ್ತು ಎಂದ ಹುಡುಗ, ಬುದ್ಧಿವಂತನ ಹಾಗೆ.

“ಹಾಗಾದ್ರೆ ಅಪೀಲ್ ಯಾಕೆ ಹಾಕ್ದೆ?”

ಪಾಪ, ಒಂದು ತಂಬಿಗೆ ನೀರು ಕುಡಿದು ಹೋದ. ಅವನು ಹೋದ ಮೇಲೆ ಹದಿನೈದು ದಿನ ಮಾವ ಕಡತದಿಂದ ತಲೆ ಎತ್ತಲಿಲ್ಲ. ಹದಿನಾರನೆಯ ದಿನ ಅಮ್ಮನನ್ನು ಕರೆದು, ಮುಹೂರ್ತ ನೋಡಿಸು ಎಂದರು. ಅಷ್ಟೇ. ಕಾರಣ ಹೇಳದೆ ಅವರು ಕೊಟ್ಟ ಆದೇಶ ಅದೊಂದೇ ಇರಬೇಕು.

ಕಾರಣ ತಿಳಿದದ್ದು ಮದುವೆಯ ಬೆಳಿಗ್ಗೆ, ಅತ್ತೆ ನನಗೆ ಜಡೆ ಹೆಣೆಯುವಾಗ. ನೆಂಟನಾದ ವಕೀಲ ಮಾವನ ಮುಂದೆ ವಾದಿಸುವಂತಿಲ್ಲ. ಹುಡುಗನ ಮುಕ್ಕಾಲು ಪಾಲು ಕೇಸುಗಳಿರುವುದು ಅಲ್ಲೇ. ಅದಕ್ಕೇ ಮಾವ ತಾವಾಗಿಯೇ ತಮಿಳುನಾಡಿನ ದಕ್ಷಿಣ ತುದಿಯ ರಾಮನಾಥಪುರಕ್ಕೆ ವರ್ಗ ಕೇಳಿ ಬರೆದುಕೊಂಡಿದ್ದರು, ಆದೇಶವೂ ಬಂದಿತ್ತು. ಊರೂರು ಸುತ್ತಿ ಕಡೆಗಾಲಕ್ಕೆ ಚೆನ್ನೈ ಸಿಕ್ಕಿತ್ತು. ನಿವೃತ್ತಿಗೆ ಇನ್ನು ಎರಡೇ ವರ್ಷ. ಅತ್ತೆಯ ಮಂಡಿನೋವಿಗೆ ಇಲ್ಲೇ ಚಿಕಿತ್ಸೆಯಾದ್ದರಿಂದ ಮಾವ ಹೊರಟದ್ದು ಒಬ್ಬರೇ. ನೀರು ಕಾಯಿಸಲೂ ಬಾರದ ಮನುಷ್ಯ!

ಮಂಟಪಕ್ಕೆ ಕರೆದೊಯ್ಯಲು ಬಂದು ಕೈಹಿಡಿದಾಗ ಕೇಳಿಯೇಬಿಟ್ಟೆ. “ಅವನೇ ಬೇರೆ ಕೋರ್ಟಿಗೆ ಹೋಗಬಹುದಿತ್ತಲ್ಲ ಮಾವ?”

“ಅವನು ಈಗಷ್ಟೇ ಕಾಲೂರ್ತಾ ಇದಾನೆ ಕಣಮ್ಮ. ನಾನು ಎಲ್ಲಿ ಕೂತ್ರೂ ಜಡ್ಜೇ. ನಡಿ, ಮುಹೂರ್ತ ಮೀರತ್ತೆ.”

ನನಗೆ ಅಳು ತಡೆಯಲಾಗಲಿಲ್ಲ. ಮಂಟಪ ಹತ್ತೇ ಹೆಜ್ಜೆ ದೂರ. ಪುರೋಹಿತರು ಬೇಗ ಬೇಗ ಎಂದು ಕೂಗುತ್ತಲೇ ಇದ್ದರು. ಮಾವ ಮಾತ್ರ ತುಂಬಾ ನಿಧಾನವಾಗಿ ನಡೆದರು.