ಕಾಳುವಿನ ಕಿಡ್ನಿ, ಊರಿನ ಹೊಟ್ಟೆಕಿಚ್ಚು

ನಾಯಿಗೆ ಕಾಯಿಲೆ ಬಂದರೆ ನಾಯಿಗೆ ಮಾತ್ರ ಬರುವುದಿಲ್ಲ. ಪುಂಜಾಲಕಟ್ಟೆಯಲ್ಲಿ ಇಷ್ಟು ವರ್ಷ ಪ್ರಾಣಿಗಳ ಡಾಕ್ಟರಾಗಿ ನಾನು ಕಲಿತದ್ದು ಇದು. ನಾಯಿಗೆ ಜ್ವರ, ಸುತ್ತಮುತ್ತಲಿನವರಿಗೆ ಹೊಟ್ಟೆಕಿಚ್ಚು. ಒಂದಕ್ಕೆ ಇಂಜೆಕ್ಷನ್ ಉಂಟು, ಇನ್ನೊಂದಕ್ಕೆ ಇನ್ನೂ ಬಂದಿಲ್ಲ.

ಸಣ್ಣದಾದರೂ ಒಂದು

ನಮ್ಮ ಪೇಟೆಯಲ್ಲಿ ಸಣ್ಣ ಹೋಟೆಲ್ ನಡೆಸುವ ಅಕ್ಕ ಒಬ್ಬರು ಇದ್ದಾರೆ. ಅವರ ಕಾಳು ಜಾತಿ ಗೀತಿ ಇಲ್ಲದ ಊರಿನ ನಾಯಿ. ಒಂದು ದಿನ ಅದು ಮೀನಿನ ತಲೆ ಹಾಕಿದ ಅನ್ನವನ್ನೂ ಮೂಸಿ ನೋಡಲಿಲ್ಲ. ಮೈ ಸುಡುತ್ತಿತ್ತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿತ್ತು. ಸೊಂಟದ ಹತ್ತಿರ ಒತ್ತಿದೆ, ಕುಂಯ್ ಎಂದಿತು. ಕಿಡ್ನಿಯೇ ಇರಬೇಕು ಅನಿಸಿ ಸ್ಕ್ಯಾನಿಗೆ ಮೂಡುಬಿದಿರೆಗೆ ಕಳಿಸಿದೆ. ಸಂಶಯ ನಿಜವಾಯಿತು. ಎಡ ಕಿಡ್ನಿಯಲ್ಲಿ ನೀರುಗುಳ್ಳೆ ಇತ್ತು, ಅದು ಕೀವು ಕಟ್ಟಿತ್ತು.

"ಬರೀ ನೀರುಗುಳ್ಳೆಯಾದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಅಕ್ಕ. ಕೀವಾದರೆ ಪ್ರಾಣಕ್ಕೇ ಅಪಾಯ. ಮದ್ದು ಕೊಟ್ಟು ನೋಡುವ. ಬಗ್ಗದಿದ್ದರೆ ಆ ಕಿಡ್ನಿಯನ್ನೇ ತೆಗೆಯಬೇಕು. ಇನ್ನೊಂದು ಚೆನ್ನಾಗಿ ಉಂಟು" ಎಂದೆ.

ಕಾಳುವಿಗೆ ಸ್ಕ್ಯಾನ್ ಆದ ಸುದ್ದಿ ಪೇಟೆಯಿಡೀ ಹಬ್ಬಿತು. ಮರುದಿನ ಬೆಳಿಗ್ಗೆ ಅಕ್ಕನ ನೆರೆಮನೆಯ ಧಣಿಗಳು ತಮ್ಮ ಲ್ಯಾಬ್ರಡಾರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು.

"ಇದಕ್ಕೂ ಒಂದು ಸ್ಕ್ಯಾನಿಗೆ ಬರೆದುಕೊಡಿ."

"ಏನು ತೊಂದರೆ?"

"ತೊಂದರೆ ಏನಿಲ್ಲ."

ಹೊಟ್ಟೆ, ಸೊಂಟ ಎಲ್ಲ ಮುಟ್ಟಿ ನೋಡಿದೆ. ನಾಯಿ ಬಾಲ ಅಲ್ಲಾಡಿಸಿ ನನ್ನ ಮುಖ ನೆಕ್ಕಿತು. "ಕಿಡ್ನಿ ಕಲ್ಲಿನ ಹಾಗೆ ಗಟ್ಟಿ ಉಂಟು ಧಣಿ, ಕರ್ಕೊಂಡು ಹೋಗಿ."

ಧಣಿಗಳ ಮುಖ ಬಾಡಿತು. "ಸರಿಯಾಗಿ ನೋಡಿ ಡಾಕ್ಟ್ರೇ. ಆ ಬೀದಿನಾಯಿಗೇ ನೀರುಗುಳ್ಳೆ ಉಂಟಂತೆ. ಅಪ್ಪ-ಅಮ್ಮನ ಹೆಸರಿನ ಸರ್ಟಿಫಿಕೇಟ್ ಇರುವ ನಾಯಿ ಇದು, ಸಣ್ಣದಾದರೂ ಒಂದು ಇರ್ಲಿಕ್ಕೇ ಬೇಕು!"

ಗಂಜಿ

ಇಂಜೆಕ್ಷನ್ ಕೊಡಲು ನಾನು ದಿನಾ ಅಕ್ಕನ ಮನೆಗೆ ಹೋಗುತ್ತಿದ್ದೆ. ಕಾಳು ಫ್ಯಾನಿನ ಅಡಿಯಲ್ಲಿ ಹಾಸಿಗೆಯ ಮೇಲೆ. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟು ಚಮಚದಲ್ಲಿ ಗಂಜಿನೀರು ಕುಡಿಸುತ್ತಿದ್ದರು. ದುಬೈಯಿಂದ ರಜೆಯಲ್ಲಿ ಬಂದ ಗಂಡ, ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ನೋಡಿ ಡಾಕ್ಟ್ರೇ, ಅಲ್ಲಿ ನನಗೆ ಕಿಡ್ನಿಯಲ್ಲಿ ಕಲ್ಲಾಗಿ ಒದ್ದಾಡುವಾಗ ಇವಳು ಫೋನಿನಲ್ಲಿ ಹೇಳಿದ್ದೇನು ಗೊತ್ತುಂಟಾ? 'ಚೆನ್ನಾಗಿ ನೀರು ಕುಡೀರಿ.' ಅಷ್ಟೇ! ಈ ನಾಯಿಗಾದರೆ ಚಮಚ, ತೊಡೆ, ಫ್ಯಾನು."

ಅಕ್ಕ ತಲೆ ಎತ್ತದೆಯೇ ಹೇಳಿದರು: "ಕಾಳು ನಾನು ಕೊಟ್ಟದ್ದನ್ನು ಕುಡೀತದೆ. ನೀವು ಕುಡಿದದ್ದು ನೀರಾ?"

ಕೈಗುಣ

ಮದ್ದಿಗೆ ಕೀವು ಬಗ್ಗಲಿಲ್ಲ. ಕಾಳು ಎದ್ದು ನಿಲ್ಲಲಾರದ ಸ್ಥಿತಿಗೆ ಬಂತು. ಕೊನೆಗೆ ಮೂಡುಬಿದಿರೆಯಲ್ಲಿ ಆಪರೇಷನ್ ಎಂದಾಯಿತು. ಅಲ್ಲಿಯ ಡಾಕ್ಟ್ರು ಕಾಲೇಜಿನಲ್ಲಿ ನನಗಿಂತ ಚಿಕ್ಕವನು. ಈಗ ಅವನಲ್ಲಿ ಎ.ಸಿ. ಥಿಯೇಟರ್ ಉಂಟು, ನನ್ನಲ್ಲಿ ಒಂದು ಕಬ್ಬಿಣದ ಮೇಜು. ಆಪರೇಷನ್ನಿನ ದಿನ ಕೈಯಲ್ಲಿ ಫೋನ್ ಹಿಡಿದುಕೊಂಡೇ ಇದ್ದೆ. 'ಬದುಕಿತು' ಎಂದು ಅಕ್ಕ ಅಳುತ್ತಾ ಹೇಳಿದಾಗ ನನ್ನ ಕಣ್ಣಿನಲ್ಲೂ ನೀರು ಬಂತು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. "ಆ ಡಾಕ್ಟ್ರು ದೇವರು ಮಾರಾಯ್ರೆ!" ಎಂದರು. ಕಣ್ಣೀರು ಅಲ್ಲೇ ಇಂಗಿತು.

ಹೊಲಿಗೆ ಬಿಚ್ಚಲು ಅಕ್ಕ ಕಾಳುವನ್ನು ನನ್ನ ಹತ್ತಿರವೇ ತಂದರು. ಕತ್ತರಿ ತೋರಿಸಿದ್ದೇ ತಡ, ಅದು ಮೇಜಿನಿಂದ ಹಾರಿ, ನನ್ನ ಅಂಗಿಯ ತೋಳನ್ನು ಹರಿದು, ಕಪಾಟಿನ ಹಿಂದೆ ಅಡಗಿತು. ಗಂಡ-ಹೆಂಡತಿ ಸೇರಿ ಎಳೆದು ತರಬೇಕಾಯಿತು.

"ಇದೆಂಥ ಕರ್ಮ! ಅಲ್ಲಿ ಹೊಟ್ಟೆ ಕೊಯ್ಯುವಾಗ ಕೂಡ ಮಗುವಿನ ಹಾಗೆ ಮಲಗಿತ್ತು" ಎಂದರು ಅಕ್ಕ.

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿತ್ತು, ಅಕ್ಕ!"

ಅಕ್ಕ ಭಕ್ತಿಯಿಂದ ಎರಡೂ ಕೈ ಜೋಡಿಸಿದರು.

"ಅದನ್ನೇ ನಾನು ಹೇಳುವುದು ಡಾಕ್ಟ್ರೇ. ನೋಡಿ ಅವರ ಕೈಗುಣ, ಕತ್ತರಿ ತೆಗೆಯುವ ಮೊದಲೇ ಪ್ರಜ್ಞೆ ತಪ್ಪಿದೆ!"